ಕಳಸಗಿತ್ತಿಯ ಅಳತೆ

ವೈನಿ, ನನ್ನ ಅಣ್ಣನ ಹೆಂಡತಿ, ನಿಪ್ಪಾಣಿ ಪೇಟೆಯಿಂದ ತಂದಿದ್ದ ಗೊಂಬೆಗಳನ್ನು ಪಡಸಾಲೆಯ ಚಾಪೆಯ ಮೇಲೆ ಸಾಲಾಗಿ ಮಲಗಿಸಿದ್ದರು. ಎಲ್ಲವೂ ಒಂದೇ ಅಚ್ಚಿನವು: ಉದ್ದ ಕಾಲು, ಎರಡು ಬೆರಳಿನಲ್ಲಿ ಹಿಡಿಯಬಹುದಾದ ಸೊಂಟ, ಹೊಂಬಣ್ಣದ ಕೂದಲು, ಎತ್ತರದ ಚಪ್ಪಲಿಗೆಂದೇ ತುದಿಗಾಲಲ್ಲಿ ಬಾಗಿದ ಪಾದ. ಅಂಗಡಿಯಲ್ಲಿ ತೊಡಿಸಿದ್ದ ಗಿಡ್ಡ ಫ್ರಾಕುಗಳನ್ನು ಕಳಚಿ ಒಂದು ಕಡೆ ಗುಡ್ಡೆ ಹಾಕಿದ್ದರು. ಅಣ್ಣನ ಕಿರಿಯ ಮಗಳು, ಐದನೆಯ ತರಗತಿಯ ಹುಡುಗಿ, ಕಾಲು ಚಾಚಿ ಕುಳಿತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದರ ಕೂದಲಿಗೂ ಕಪ್ಪು ಬಣ್ಣ ಬಳಿಯುತ್ತಿದ್ದಳು. ಅವಳ ಮೂಗಿನ ತುದಿಗೂ ಬಣ್ಣ ತಾಗಿತ್ತು.

ನಾನು ಚಿಕ್ಕೋಡಿಯಲ್ಲಿ ಒಂದು ಪತ್ರಿಕೆಯ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ರಾಯಬಾಗ, ಅಥಣಿ, ಕಾಗವಾಡದಿಂದ ಬರುವ ಸುದ್ದಿಗಳನ್ನು ತಿದ್ದುವುದು ನನ್ನ ಕೆಲಸ. ವಾರದ ರಜೆಗೆ ಕೃಷ್ಣೆಯ ದಂಡೆಯ ಜುಗೂಳಕ್ಕೆ, ತವರಿಗೆ ಹೋಗುತ್ತೇನೆ. ಆ ಚಳಿಗಾಲದಲ್ಲಿ ಮನೆಯಲ್ಲಿ ಅಣ್ಣನ ಹಿರಿಯ ಮಗಳ ಮದುವೆಯ ಸಿದ್ಧತೆ ನಡೆದಿತ್ತು. ವರ ಮಂಗಸೂಳಿಯವನು. ಮದುವೆ ಕಾಗವಾಡದ ಮಂಟಪದಲ್ಲಿ. ಊಟದ ಚಿಂತೆ ಅಣ್ಣನಿಗಿತ್ತು, ರುಖವತದ ಚಿಂತೆ ವೈನಿಗೆ.

ರುಖವತ ಎಂದರೆ ನಮ್ಮ ಗಡಿ ಭಾಗದ ಮದುವೆಗಳಲ್ಲಿ ಹೆಣ್ಣಿನ ಕಡೆಯವರು ಮಂಟಪದ ಮೂಲೆಯಲ್ಲಿ ಮೇಜು ಹಾಕಿ ಜೋಡಿಸಿಡುವ ಕೈಕೆಲಸ. ನಮ್ಮ ಅವ್ವನ ಕಾಲದಲ್ಲಿ ಅಲ್ಲಿ ಬಣ್ಣದ ಶ್ಯಾವಿಗೆ, ಚಕ್ಕುಲಿಯ ಗೋಪುರ, ಹೆಣೆದ ತೋರಣ ಇರುತ್ತಿದ್ದವು. ಈಗ ಗೊಂಬೆಗಳು ಬಂದಿವೆ. ಥರ್ಮೋಕೋಲಿನ ಹಲಗೆಯ ಮೇಲೆ ಇಡೀ ಮದುವೆಯನ್ನೇ ನಿಲ್ಲಿಸುತ್ತಾರೆ: ಅರಿಷಿಣ ಹಚ್ಚುವುದು, ಮುಹೂರ್ತಕ್ಕೆ ಅಕ್ಕಿಕಾಳು ಹಾಕುವುದು, ಮಗಳನ್ನು ಕಳಿಸಿಕೊಡುವುದು. ಗಂಡಿನ ಕಡೆಯ ಹೆಂಗಸರು ಬಂದು, ಬಗ್ಗಿ ನೋಡಿ, ಇದನ್ನು ಯಾರು ಮಾಡಿದರು ಎಂದು ಕೇಳಬೇಕು. ಕೇಳಿದರೆ ಹೆಣ್ಣಿನ ತಾಯಿಗೆ ಜೀವ ತಣ್ಣಗಾಗುತ್ತದೆ. ವೈನಿಯ ಕೈ ಈ ಕೆಲಸದಲ್ಲಿ ಪಳಗಿದ್ದು. ಬೇರೆ ಊರಿನವರೂ ಅವರನ್ನು ಕರೆದೊಯ್ದು ಮಾಡಿಸಿಕೊಳ್ಳುತ್ತಾರೆ.

ವೈನಿಯದೊಂದು ಕ್ರಮವಿತ್ತು. ಗೊಂಬೆ ತೊಡುವ ಬಟ್ಟೆ, ಮದುವೆಯ ದಿನ ಮನೆಯ ಮಂದಿ ತೊಡುವ ಬಟ್ಟೆಯದೇ ಆಗಿರಬೇಕು. ಮದುಮಗಳ ಗೊಂಬೆಗೆ ಮದುಮಗಳ ಕುಪ್ಪಸದಲ್ಲಿ ಉಳಿದ ತುಂಡು, ತಾಯಿಯ ಗೊಂಬೆಗೆ ತನ್ನದೇ ಕುಪ್ಪಸದ್ದು. ಅದಕ್ಕಾಗಿ ಕಾಗವಾಡದ ದರ್ಜಿ ಹೆಂಗಸಿಗೆ ಮೊದಲೇ ಹೇಳಿಡುತ್ತಿದ್ದರು: ಒಂದು ಚಿಂದಿಯನ್ನೂ ಚೆಲ್ಲಬೇಡ, ಹೊಲಿಗೆಯ ಒಳಗೂ ಹೆಚ್ಚಿನ ಬಟ್ಟೆ ಮಡಚಿ ಬಿಡಬೇಡ, ಎಲ್ಲ ನನಗೆ ಕೊಡು. ಮಕ್ಕಳ ಬಟ್ಟೆಯಲ್ಲಿ ಆ ಮಡಿಕೆಯನ್ನು ಬಿಟ್ಟೇ ಹೊಲಿಯುತ್ತಾರೆ, ಬೆಳೆದ ಹಾಗೆ ಬಿಚ್ಚಿ ದೊಡ್ಡದು ಮಾಡಲಿಕ್ಕೆ. ವೈನಿಗೆ ಅದು ಗೊಂಬೆಯ ಪಾಲಿನ ಬಟ್ಟೆಯಾಗಿ ಕಂಡಿತ್ತು.

ಹುಡುಗಿಯ ಪಾಲಿಗೆ ಈ ಮದುವೆಯಲ್ಲಿ ಒಂದೇ ಸಂಗತಿಯಿತ್ತು. ಅವಳು ಕಳಸಗಿತ್ತಿ. ಅಕ್ಕಿಕಾಳು ಬೀಳುವಾಗ ಮದುಮಗಳ ಹಿಂದೆ ನೀರು ತುಂಬಿದ ತಾಮ್ರದ ಕಳಸ ಹಿಡಿದು ನಿಲ್ಲುವವಳು. ಮಾತುಕತೆ ಮುಗಿದ ದಿನದಿಂದ ಅವಳು ಅಂಗಳದಲ್ಲಿ ತುಂಬಿದ ತಂಬಿಗೆ ಹಿಡಿದು ನಿಲ್ಲುವ ಅಭ್ಯಾಸ ನಡೆಸಿದ್ದಳು. ಗೊಂಬೆಗಳು ಬಂದ ವಾರವೇ ಅವಳ ಅಳತೆ ಕೊಟ್ಟು, ಹಸಿರು ಖಣದ ಬಟ್ಟೆಯಲ್ಲಿ ಪರಕಾರ ಎಂಬ ಉದ್ದ ಲಂಗ, ಪೋಲಕಾ ಎಂಬ ರವಿಕೆ ಹೊಲಿಯಲು ಕೊಟ್ಟಿದ್ದರು. ದರ್ಜಿ ಹೆಂಗಸು ಬಟ್ಟೆ ಕತ್ತರಿಸಿದೊಡನೆ ಉಳಿದ ತುಂಡನ್ನು ಗೊಂಬೆಗೆಂದು ಕಳಿಸಿದ್ದಳು, ಅಲ್ಲಿಗೆ ಖಣ ಮುಗಿದಿತ್ತು. ಅಂಥದೇ ಬಣ್ಣ ಮತ್ತೆ ಸಿಕ್ಕಿರಲಿಲ್ಲ.

ಮುಂದಿನ ವಾರ ಹೋದಾಗ ಕಳಸಗಿತ್ತಿಯ ಗೊಂಬೆ ಸಿದ್ಧವಾಗಿತ್ತು. ಹಸಿರು ಪೋಲಕಾ, ನೆಲ ಮುಟ್ಟುವ ಪರಕಾರ, ಕೈಯಲ್ಲಿ ಗುಂಡುಪಿನ್ನಿನ ತಲೆಯಷ್ಟು ಚಿಕ್ಕ ತೆಂಗಿನಕಾಯಿ ಕೂರಿಸಿದ ಕಳಸ. ವೈನಿ ಅದನ್ನು ಎತ್ತಿ ತೋರಿಸಿದರು.

"ನೋಡಿಲ್ಲಿ, ಇದು ನೀ."

ಹುಡುಗಿ ಮುಖ ಅರಳಿಸಿ ಹತ್ತಿರ ಬಂದಳು. ಬಾಗಿಲ ಬಳಿ ಕುಳಿತು ಶೇಂಗಾ ಸುಲಿಯುತ್ತಿದ್ದ ಅವ್ವ ಕನ್ನಡಕ ಏರಿಸಿ ನೋಡಿದಳು.

"ಇದು ಇಕಿ ಅಂದ್ರ ಯಾರ ನಂಬ್ತಾರ? ಇಂಥಾವು ಮೂರು ಕೂಡಿದ್ರ ನಮ್ಮ ಡುಮ್ಮಿ ಆಕ್ಕಾಳ."

"ಕಳಸದ ಬದಲಿ ಹಂಡೇವ ಕೊಡೂಣು ಬಿಡ ಇಕಿಗಿ, ಜೋಡಿ ಆಗತೈತಿ," ಎಂದ ಅಣ್ಣ.

ಎಲ್ಲರೂ ನಕ್ಕರು. ಹುಡುಗಿಯೂ ನಕ್ಕಳು. ಅಲ್ಲಿ ಕೆಟ್ಟ ಮನಸ್ಸಿನವರು ಯಾರೂ ಇರಲಿಲ್ಲ. ನಗು ಮುಗಿದ ಮೇಲೆ ಅವಳು ಗೊಂಬೆಯನ್ನು ಕೈಗೆ ತೆಗೆದುಕೊಂಡು, ಅದರ ಸೊಂಟದ ಸುತ್ತ ತನ್ನ ಬೆರಳು ಸುತ್ತಿ ನೋಡಿ, ಮತ್ತೆ ಚಾಪೆಯ ಮೇಲೆ ಇಟ್ಟಳು.

ಅದಾದ ಮೇಲೆ ಪೋಲಕಾ ಹೊಲಿದು ಬಂತು. ಅವತ್ತು ನಾನು ಇರಲಿಲ್ಲ. ವೈನಿ ಹೇಳಿದ್ದಿಷ್ಟು: ತೊಡಿಸಿ ನೋಡಿದರೆ ಬೆನ್ನ ಹಿಂದಿನ ಹುಕ್ಕುಗಳು ಒಂದಕ್ಕೊಂದು ಸೇರಲಿಲ್ಲ. ಎಳೆದು ಹಾಕಿದರೆ ಹುಡುಗಿಗೆ ಉಸಿರು ಕಟ್ಟುತ್ತಿತ್ತು. ಬಿಚ್ಚಿ ದೊಡ್ಡದು ಮಾಡಲು ಒಳಗೆ ಬಟ್ಟೆ ಇರಲಿಲ್ಲ. ಅಳತೆ ಕೊಟ್ಟ ಮೇಲೆ ಮಗಳು ದಪ್ಪಗಾಗಿದ್ದಾಳೆ ಎಂದು ಮನೆಯವರೆಲ್ಲ ತೀರ್ಮಾನಿಸಿದರು. ಟೇಪು ಸುಳ್ಳು ಹೇಳುತ್ತದೆ ಎಂದು ಯಾರು ಅಂದುಕೊಳ್ಳುತ್ತಾರೆ? ಅಲಖನೂರದಲ್ಲಿ ವೈನಿಯ ತಂಗಿಯ ಮಗಳಿದ್ದಾಳೆ, ಇದೇ ವಯಸ್ಸು, ಕಡ್ಡಿಯಂಥ ಮೈ. ಪೋಲಕಾ ಅವಳಿಗೆ ಹಿಡಿಸುತ್ತದೆ, ಕಳಸವನ್ನೂ ಅವಳೇ ಹಿಡಿಯಲಿ, ಫೋಟೋದಲ್ಲೂ ಚೆನ್ನಾಗಿ ಕಾಣುತ್ತದೆ ಎಂದು ವೈನಿ ಫೋನಿನಲ್ಲಿ ತಂಗಿಗೆ ಹೇಳಿದರು. ಹುಡುಗಿ ಪಕ್ಕದಲ್ಲೇ ಕುಳಿತು ಶಾಲೆಯ ಲೆಕ್ಕ ಮಾಡುತ್ತಿದ್ದಳು.

ಮುಂದಿನ ರಜೆಯಲ್ಲಿ ನಾನು ಊಟಕ್ಕೆ ಅವಳ ಎದುರಿಗೆ ಕುಳಿತೆ. ರೊಟ್ಟಿಯನ್ನು ಚಿಕ್ಕ ಚಿಕ್ಕ ಚೂರು ಮಾಡಿ ತಾಟಿನ ತುಂಬ ಹರಡಿದಳು. ಕಡಲೆಹಿಟ್ಟಿನ ಝುಣಕವನ್ನು ಅಂಚಿಗೆ ತಳ್ಳಿದಳು. ನೀರು ಕುಡಿದಳು. ಮತ್ತೆ ನೀರು ಕುಡಿದಳು. ಎದ್ದು ಹೋಗುವಾಗ ತಾಟಿನಲ್ಲಿ ರೊಟ್ಟಿ ಹೆಚ್ಚು ಕಡಿಮೆ ಅಷ್ಟೇ ಇತ್ತು, ಆದರೆ ತಿಂದು ಬಿಟ್ಟ ಹಾಗೆ ಕಾಣುತ್ತಿತ್ತು. ಆ ವಾರ ಶಾಲೆಯ ಪ್ರಾರ್ಥನೆಯಲ್ಲಿ ಕಣ್ಣು ಕತ್ತಲೆ ಬಂದು ಕುಳಿತುಬಿಟ್ಟಿದ್ದಳಂತೆ. ಅವ್ವ ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದ್ದಳು.

"ದೃಷ್ಟಿ ಆಗಿತ್ತು. ಘಾಟ ಬರಲಿಲ್ಲ ನೋಡು, ಅಷ್ಟ ಆಗಿತ್ತು," ಎಂದಳು.

ಮನೆಯಲ್ಲಿ ಹುಡುಗಿಗೆ ತಲೆಗೆ ಎರೆಯುವುದು ನನ್ನ ರಜೆಯ ದಿನದ ಕೆಲಸ. ಅದಕ್ಕಾಗಿ ಅವಳೇ ಎಣ್ಣೆ ಬಟ್ಟಲು ಹಿಡಿದು ಕಾಯುತ್ತಿದ್ದವಳು. ಅವತ್ತು, "ನಾನ ಎರಕೋತೀನಿ ಅತ್ತಿ, ದೊಡ್ಡಾಕಿ ಆಗೇನಿ," ಎಂದಳು. ನಾನು ಬಿಡಲಿಲ್ಲ. ಬಚ್ಚಲಿಗೆ ಪೆಟಿಕೋಟು ತೊಟ್ಟೇ ಬಂದಳು. ಮೊದಲ ತಂಬಿಗೆ ನೀರು ಬಿದ್ದು ಬಟ್ಟೆ ಮೈಗೆ ಅಂಟಿದಾಗ ಸೊಂಟದ ಹತ್ತಿರ ಒಂದು ಗಂಟು ಎದ್ದು ಕಂಡಿತು.

"ಇದೇನ ಬೇ?"

"ಲಾಡಿ."

"ಯಾತರ ಲಾಡಿ?"

"ಪರಕಾರದ್ದು."

"ಪರಕಾರ ಎಲ್ಲೈತಿ ಮತ್ತ?"

ಅವಳು ಒಲೆಯ ಕಡೆ ಮುಖ ಮಾಡಿದಳು. ನೀರಿಗೆ ಬಿಗಿದಿದ್ದ ಗಂಟು ಕೈಗೆ ಬಿಚ್ಚಲಿಲ್ಲ. ಗೊಂಬೆಗಳ ಬುಟ್ಟಿಯಲ್ಲಿದ್ದ ಕತ್ತರಿ ತಂದು ಕತ್ತರಿಸಿದೆ. ಲಾಡಿಯಿದ್ದ ಜಾಗದಲ್ಲಿ ಹೊಟ್ಟೆಯ ಸುತ್ತ ಕೆಂಪು ಬರೆ ಎದ್ದಿತ್ತು. ಒಂದೆರಡು ಕಡೆ ಚರ್ಮ ಸುಲಿದಿತ್ತು. ಹಗಲು ರಾತ್ರಿ ಕಟ್ಟಿಕೊಂಡೇ ಇರುತ್ತಿದ್ದಳು.

"ಅವ್ವಗ ಹೇಳಬ್ಯಾಡ," ಎಂದಳು.

"ಹೇಳತೀನಿ. ಮೊದಲ ನೀ ನನಗ ಹೇಳು."

ಬಿಸಿನೀರಿನ ಹಂಡೆಯ ಪಕ್ಕ ಕುಳಿತು ಅವಳು ಹೇಳಿದ್ದನ್ನು ನಾನು ಮಧ್ಯೆ ಬಾಯಿ ಹಾಕದೆ ಕೇಳಿದೆ. ಗೊಂಬೆಯ ಪರಕಾರ ಜಾರಬಾರದೆಂದು ವೈನಿ ಅದರ ಸೊಂಟಕ್ಕೆ ದಾರ ಬಿಗಿದು ಕಟ್ಟಿದ್ದರು. ಹಾಗೆ ಬಿಗಿದರೆ ತನ್ನ ಸೊಂಟವೂ ಸಣ್ಣ ಆಗುತ್ತದೆ ಎಂದುಕೊಂಡಳು ಹುಡುಗಿ. ಊಟ ಬಿಟ್ಟರೆ ಬೇಗ ಆಗುತ್ತದೆ ಎಂದುಕೊಂಡಳು. ಪೋಲಕಾ ಹಿಡಿಸಿದರೆ ಕಳಸ ತನಗೇ ಕೊಡುತ್ತಾರೆ.

"ಮತ್ತ ಅಳತಿ ಕೊಟ್ಟ ಮ್ಯಾಲ ದಪ್ಪ ಆಗಿಯೇನು?"

"ಇಲ್ಲ ಅತ್ತಿ. ಅಳತಿ ತಗೋಳೂ ಮುಂದ ಹೊಟ್ಟಿ ಒಳಗ ಎಳದು ಉಸರ ಹಿಡದಿದ್ನಿ. ಆ ಗೊಂಬಿಗೋಳ ಗತೆ ಆಗಬೇಕಿತ್ತು."

"ಅವ್ವ ದಪ್ಪ ಆಗಿ ಅಂದಾಗ ಯಾಕ ಹೇಳಲಿಲ್ಲ?"

"ಖಣ ಹಾಳಾತಂತ ಬೈತಿದ್ಲ. ದಪ್ಪ ಅಂತ ಹೆಂಗೂ ದಿನಾ ಅಂತಾರಲ್ಲ."

ತಲೆ ಒರೆಸಿ ಅಂಗಳದ ಬಿಸಿಲಿನಲ್ಲಿ ಕೂರಿಸಿದೆ. ಆ ಹೊತ್ತಿಗೆ ನನಗೆ ತೋಚಿದ್ದು ಒಂದೇ, ಅಳೆದು ತೋರಿಸುವುದು. ಹೊಲಿಗೆ ಡಬ್ಬಿಯ ಟೇಪು, ಒಂದು ಗೊಂಬೆ ತಂದುಕೊಟ್ಟೆ. ಅಳೆ ಎಂದೆ. ಗೊಂಬೆಯ ಸೊಂಟಕ್ಕಿಂತ ಅದರ ತಲೆಯ ಸುತ್ತಳತೆಯೇ ದೊಡ್ಡದು ಬಂತು. ನಂತರ ಅವಳು ತನ್ನ ತಲೆ, ತನ್ನ ಸೊಂಟ ಅಳೆದಳು. ನನ್ನದನ್ನೂ ಅಳೆದಳು. ಗೊಂಬೆಯ ಹಾಗೆ ತಲೆಗಿಂತ ಸಣ್ಣ ಸೊಂಟ ನಮ್ಮಿಬ್ಬರಿಗೂ ಇರಲಿಲ್ಲ. ಗೊಂಬೆಯನ್ನು ನಿಲ್ಲಿಸು ಎಂದೆ. ಆ ಬಾಗಿದ ಪಾದದ ಮೇಲೆ ಅದು ನಿಲ್ಲಲಿಲ್ಲ. ಹಲಗೆಯ ಮೇಲೆ ಅವೆಲ್ಲ ನಿಲ್ಲುವುದು ಬೆನ್ನಿಗೆ ಕಟ್ಟಿದ ತಂತಿಯಿಂದ.

ಅವಳು ಟೇಪು ಸುತ್ತಿ ನನ್ನ ಕೈಗೆ ಕೊಟ್ಟಳು.

"ನನಗ ಗೊತ್ತೈತಿ ಅತ್ತಿ, ಅದು ಗೊಂಬಿ ಅಂತ. ನಾ ಸಣ್ಣಾಕಿ ಅಲ್ಲ. ಅದರ ಕೂದಲಕ್ಕ ಬಣ್ಣಾ ಹಚ್ಚಿದಾಕಿನ ನಾ."

"ಮತ್ತ?"

"ಮನ್ಯಾಗ ಎಲ್ಲಾರೂ ಅದನ್ನ ನೋಡಿ ಏನ ಚಂದ ಅಂದ್ರು. ನನ್ನ ನೋಡಿ ನಕ್ಕರು. ನೀ ಅಳತಿ ತಗದು ನನಗ್ಯಾಕ ತೋರಸಾಕತ್ತಿ? ಅವರಿಗಿ ತೋರಸು."

ಅವಳು ಹೇಳಿದ್ದು ಸರಿಯಾಗಿತ್ತು. ಗೊಂಬೆ ಅಂಗಡಿಯಿಂದ ಬಂದಾಗ ಬರೀ ಪ್ಲಾಸ್ಟಿಕ್ಕು. ಅದಕ್ಕೆ ಅವಳ ಖಣ ತೊಡಿಸಿ, ಇದು ನೀನು ಎಂದು ಹೇಳಿ, ಅದರ ಪಕ್ಕ ಅವಳನ್ನು ನಿಲ್ಲಿಸಿ ತೂಗಿದ್ದು ಮನೆಯ ಮಂದಿ. ಆ ಅಂಗಳದಲ್ಲಿ ಕುಳಿತೇ ಎರಡು ಸಂಗತಿ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ಈ ಹುಡುಗಿ ಊಟ ಮಾಡಬೇಕು. ಕಳಸ ಇವಳೇ ಹಿಡಿಯಬೇಕು. ಮೊದಲನೆಯದು ಎರಡನೆಯದಿಲ್ಲದೆ ಆಗುವಂತಿರಲಿಲ್ಲ.

ಕಚೇರಿಗೆ ಫೋನು ಮಾಡಿ ಮರುದಿನವೂ ರಜೆ ಎಂದೆ. ವೈನಿಗೆ ಲಾಡಿಯ ಬರೆ ತೋರಿಸಿ, ಬೆಳಿಗ್ಗೆ ಅವರನ್ನೂ ಹುಡುಗಿಯನ್ನೂ ಕರೆದುಕೊಂಡು ಕಾಗವಾಡದ ಡಾಕ್ಟರಮ್ಮನ ಹತ್ತಿರ ಹೋದೆ. ಆಕೆ ಬರೆಗೆ ಮುಲಾಮು ಕೊಟ್ಟು, ಹುಡುಗಿಯನ್ನು ಹೊರಗೆ ಕೂರಿಸಿ ವೈನಿಗೆ ನೇರವಾಗಿ ಹೇಳಿದರು: ಮೈಯಲ್ಲಿ ದೋಷ ಏನೂ ಇಲ್ಲ, ಬೆಳೆಯುವ ಮಗುವಿಗೆ ಇರಬೇಕಾದ ಮೈ ಇದು, ಊಟ ಬಿಡಿಸಬೇಡಿ, ಮತ್ತೆ ಹೀಗೆ ಮಾಡಿದರೆ ತಡ ಮಾಡದೆ ಕರೆತನ್ನಿ. ಮನೆಗೆ ಬಂದ ಮೇಲೆ ವೈನಿ ಅಡುಗೆಮನೆಯಲ್ಲಿ ನನ್ನ ಮೇಲೆ ಹರಿಹಾಯ್ದರು.

"ನಾ ಏನ ಆಕಿನ್ನ ಉಪಾಸ ಕೆಡವಿದ್ನೇನ್ರಿ? ನಿಮಗೇನು, ಪೇಪರದಾಗ ಬರ್ಯಾವ್ರು, ಬಂದು ಬರದು ಹೊಕ್ಕೀರಿ. ನಾಳೆ ಬೀಗರ ಕಡೆ ಹೆಂಗಸೂರು ನಿಂತು ನಗೋದು ನನ್ನ ಮಗಳಿಗಿ. ಅದು ಆಗಬಾರ್ದಂತನ ಅಲಖನೂರಿಗಿ ಫೋನ ಮಾಡಿದ್ನಿ."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಹೊರಗಿನವರು ನಗಬಾರದೆಂದು ಮಗಳನ್ನು ಹಿಂದಕ್ಕೆ ಸರಿಸಲು ಹೊರಟಿದ್ದರು.

"ಹೊರಗಿನವರು ನಗೋದು ಆಮ್ಯಾಲಿಂದು ವೈನಿ. ಮೊದಲ ನಕ್ಕವರು ನಾವು ಮನ್ಯಾಗಿನವ್ರು," ಎಂದೆ.

"ಚೇಷ್ಟಿ ಮಾಡಿದ್ರ ತಪ್ಪೇನು?" ಬಾಗಿಲಿಂದ ಅವ್ವ ಕೇಳಿದಳು. "ನನಗ ನಮ್ಮತ್ತಿ ಕರಿ ಇದ್ದಲಿ ಅಂತಿದ್ಲು. ನಾ ಸತ್ನೇನು?"

"ಸಾಯಲಿಲ್ಲ. ಖರೆ ಆ ಮಾತು ಇನ್ನೂ ನೆಪ್ಪೈತಿ ನಿನಗ."

ಅವ್ವ ಶೇಂಗಾದ ಮೊರ ಕೆಳಗಿಟ್ಟಳು.

ಆಗ ಒಳಗಿನ ಕೋಣೆಯಿಂದ ಮದುಮಗಳು ಬಂದಳು. ಇವಳು ಸಮಾಧಾನದ ಹುಡುಗಿ. ಅಥಣಿಯಲ್ಲಿ ಕೆಲಸಕ್ಕೆ ಹೋಗಿ ಬರುವವಳು. ಅವಳು ದನಿ ಎತ್ತಿದ್ದನ್ನು ನಾನು ಕೇಳಿಲ್ಲ. ಆಗಲೂ ಎತ್ತಲಿಲ್ಲ.

"ಅವ್ವಾ, ನಿಶ್ಚಯ ಆದಾಗಿಂದ ನಾ ರಾತ್ರಿ ಉಂಡಿಲ್ಲ. ಮುಂಜಾನೆ ಲಿಂಬಿಹಣ್ಣಿನ ನೀರ ಕುಡದು ಹೊಕ್ಕೀನಿ. ಯಾರರ ನೋಡೀರೇನು?"

"ನೀ ಮದವಿ ಹುಡುಗಿ, ಮನಸ ಕಸಿವಿಸಿ ಇರತೈತಿ ಅಂತ ಮಾಡಿದ್ನಿ," ಎಂದರು ವೈನಿ.

"ಕುಪ್ಪಸಾ ಬಿಗಿ ಆಗಬಾರ್ದಂತ. ಇಕಿ ನನ್ನ ಬಾಜೂಕ ಮಲಗತಾಳ. ನನ್ನ ನೋಡೇ ಕಲತಾಳ. ಗೊಂಬಿಗಷ್ಟ ಯಾಕ ಬೈತೀರಿ?" ಎಂದು ತಾಯಿಯನ್ನೂ ನನ್ನನ್ನೂ ನೋಡಿದಳು. "ನನ್ನ ಕಳಸ ನನ್ನ ತಂಗಿ ಹಿಡೀತಾಳ. ಅಲಖನೂರದಾಕಿ ಬರಲಿ, ಉಣ್ಣಲಿ, ಕುಣೀಲಿ. ಕಳಸ ಮಾತ್ರ ಇಕಿನ ಹಿಡೀಬೇಕು."

ವೈನಿ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಕೇಳಿದ್ದು ಹೊಲಿಗೆ ಬಲ್ಲವರ ಪ್ರಶ್ನೆ.

"ಹಿಡೀಲಿ. ಪೋಲಕಾಕ್ಕ ಬಟ್ಟಿ ಎಲ್ಲಿಂದ ತರ್ಲಿ?"

ಅಂದು ಊಟದ ಹೊತ್ತಿಗೆ, ಅಣ್ಣ ಹೊಲದಿಂದ ಬಂದ ಮೇಲೆ, ನಾನು ಮನೆಯಲ್ಲಿ ಒಂದು ಕಟ್ಟಳೆ ಹೇಳಿದೆ. ಇನ್ನು ಮುಂದೆ ಯಾರೂ ಯಾರ ಮೈಯ ಮಾತನ್ನೂ ಆಡಕೂಡದು. ದಪ್ಪ ಎನ್ನಬಾರದು, ಸಣ್ಣ ಎನ್ನಬಾರದು, ಇಳಿದಿದ್ದೀಯ ಚೆನ್ನಾಗಿ ಕಾಣುತ್ತೀಯ ಎಂದೂ ಹೇಳಬಾರದು. ಡುಮ್ಮಿ ಎಂಬ ಶಬ್ದ ಮನೆಯಲ್ಲಿ ಮುಗಿಯಿತು.

"ಮತ್ತೇನ ಮಾತಾಡೂದು?" ಎಂದಳು ಅವ್ವ. ಅವಳಿಗೆ ನಿಜವಾಗಿಯೂ ತೋಚಲಿಲ್ಲ.

"ಬ್ಯಾರೇ ಏನರ ಮಾತಾಡು. ಕಬ್ಬ ಕಡಿಯಾಕ ಆಳಿನ ಟೋಳಿ ಯಾವಾಗ ಬರತೈತಿ, ಅದನ್ನ ಮಾತಾಡು."

"ಅದನ್ನ ಮಾತಾಡಿದ್ರ ನಿಮ್ಮಣ್ಣಗ ಸಿಟ್ಟ ಬರತೈತಿ."

ಅಣ್ಣ ನಗಲಿಲ್ಲ. ಹಂಡೆಯ ಮಾತು ಆಡಿದವನು ತಾನು ಎಂಬುದು ಅವನಿಗೆ ನೆನಪಿತ್ತು. ತನ್ನ ತಾಟು ಎತ್ತಿಕೊಂಡು ಹೋಗಿ ಕಿರಿಯ ಮಗಳ ಪಕ್ಕ ಕುಳಿತ. ಅವನು ರೊಟ್ಟಿ ಮುರಿದು ಶೇಂಗಾ ಚಟ್ನಿಪುಡಿ, ಮೊಸರು ಕಲಸಿದ ಹಾಗೆ ಹುಡುಗಿಯೂ ಕಲಸಿದಳು. ಒಂದು ರೊಟ್ಟಿಯ ಅರ್ಧಕ್ಕೂ ಕಡಿಮೆ ತಿಂದಳು. ಯಾರೂ ಇನ್ನಷ್ಟು ತಿನ್ನು ಎನ್ನಲಿಲ್ಲ. ಎಲ್ಲರಿಗೂ ಅನ್ನಬೇಕೆನಿಸಿತ್ತು.

ಈ ಕಟ್ಟಳೆ ಮನೆಯೊಳಗಷ್ಟೇ ಇದ್ದರೆ ಸಾಲುವಂತಿರಲಿಲ್ಲ. ದಿನವೂ ಹಾಲು ಕೊಡಲು ಬರುವ ಹೆಂಗಸು, ವೈನಿಯ ಗೆಳತಿಯರು, ಅಲಖನೂರದ ತಂಗಿ, ಎಲ್ಲರಿಗೂ ಹೇಳಬೇಕಿತ್ತು. ಸುದ್ದಿಯೊಂದನ್ನು ಖಚಿತ ಮಾಡಿಕೊಳ್ಳಲು ಒಬ್ಬೊಬ್ಬರಿಗೇ ಫೋನು ಮಾಡುವುದು ನನಗೆ ರೂಢಿಯ ಕೆಲಸ. ಹಾಗೆಯೇ ಮಾಡಿದೆ. ಕೆಲವರು ಹೂಂ ಎಂದರು. ಹಾಲಿನಾಕೆ, "ನಿಮ್ಮ ಮನ್ಯಾಗ ಏನ ಬಿದ್ದೈತ್ರಿ, ದಪ್ಪಗಿದ್ರ ದಪ್ಪ ಅನ್ನಬಾರದಾ?" ಎಂದು ಕೇಳಿದಳು. ಅನ್ನಬಾರದು ಎಂದೆ. ಮರುವಾರ ಮತ್ತೆ ಅಂದಳು. ಮತ್ತೆ ಹೇಳಿದೆ.

ಬಟ್ಟೆಯ ಪ್ರಶ್ನೆಯನ್ನು ವೈನಿಯೇ ಬಗೆಹರಿಸಿದರು. ಅಂಥದೇ ಹಸಿರಿಗಾಗಿ ನಿಪ್ಪಾಣಿಗೆ ಹೋಗಿ ಬಂದರು. ಚಿಕ್ಕೋಡಿಯಲ್ಲಿ ನಾನೂ ಕೇಳಿದೆ. ಸಿಗಲಿಲ್ಲ. ಒಂದು ಮಧ್ಯಾಹ್ನ ನಾನು ಒಳಗೆ ಕಾಲಿಟ್ಟಾಗ ಅವರು ಪಡಸಾಲೆಯಲ್ಲಿ ಮುಗಿದ ಹಲಗೆಯ ಮುಂದೆ ಕುಳಿತಿದ್ದರು. ಅರಿಷಿಣ, ಅಕ್ಕಿಕಾಳು, ಬೀಳ್ಕೊಡುವುದು, ಎಲ್ಲ ತಯಾರು. ಇಷ್ಟು ಒಪ್ಪವಾದ ರುಖವತವನ್ನು ಅವರು ಹಿಂದೆ ಮಾಡಿರಲಿಲ್ಲ. ಕಳಸಗಿತ್ತಿಯ ಗೊಂಬೆಯ ತಂತಿ ಬಿಚ್ಚಿ, ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಪರಕಾರದ ಹೊಲಿಗೆ ಬಿಚ್ಚತೊಡಗಿದರು. ಗೊಂಬೆಯ ಪರಕಾರಕ್ಕೆ ಬಹಳ ನೆರಿಗೆ ಹಿಡಿದಿದ್ದರು. ಬಿಚ್ಚಿ ಹರವಿದಾಗ ಉದ್ದನೆಯ ಪಟ್ಟಿ ಬಂತು.

"ಪೋಲಕಾದ ಎರಡೂ ಬಗಲಿಗಿ ಸಾಲತೈತಿ," ಎಂದರು. "ನಡಬರಕ ಕೂಡಿಸಿದ್ದು ಕಾಣತೈತಿ. ಕಾಣಲಿ."

ಬತ್ತಲೆಯಾದ ಗೊಂಬೆಯನ್ನು ಫ್ರಾಕುಗಳ ಗುಡ್ಡೆಯ ಜೊತೆ ಚೀಲಕ್ಕೆ ಹಾಕಿದರು. ಹಲಗೆಯ ಮೇಲೆ ಮದುಮಗಳ ಹಿಂದೆ ಅದರ ಜಾಗ ಖಾಲಿ ಉಳಿಯಿತು. ಬೇರೆ ಗೊಂಬೆ ಇಡುತ್ತೀರಾ ಎಂದು ಕೇಳಿದೆ. ಬೇಡ ಎಂದು ತಲೆಯಾಡಿಸಿದರು.

ಎಲ್ಲರೂ ಕೂಡಿ ಕಾಗವಾಡಕ್ಕೆ ಹೋದೆವು. ದರ್ಜಿ ಹೆಂಗಸು ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡು ಎದ್ದಳು. ಮೊದಲು ಮದುಮಗಳು ನಿಂತಳು. ಸೀರೆಯ ಒಳತುದಿಯಿಂದ ಕತ್ತರಿಸಿ ತಂದ ಪಟ್ಟಿ ಕೊಟ್ಟು, ಕುಪ್ಪಸ ಸಡಿಲು ಮಾಡಬೇಕು ಎಂದಳು. "ಎಲ್ಲಾರೂ ಬಿಗಿ ಮಾಡಿಸಿಕೊಳ್ಳಾಕ ಬರ್ತಾರ, ನೀವೊಬ್ರ ಸಡ್ಲ ಅನ್ನಾಕತ್ತೀರಿ ನೋಡ್ರಿ," ಎಂದು ನಗುತ್ತ ಅಳತೆ ತೆಗೆದಳು. ಮದುಮಗಳು ತಂಗಿಗೆ ಕಾಣುವ ಹಾಗೆ ಹೊಟ್ಟೆ ಸಡಿಲ ಬಿಟ್ಟು, ಉಸಿರಾಡುತ್ತ ನಿಂತಿದ್ದಳು.

ನಂತರ ಹುಡುಗಿಯ ಸರದಿ. ಟೇಪು ಮೈಗೆ ತಾಗಿದೊಡನೆ ಹೊಟ್ಟೆ ಒಳಗೆ ಹೋಯಿತು. ಬೇಕೆಂದು ಮಾಡಿದ್ದಲ್ಲ, ತಾನಾಗಿಯೇ ಹೋಯಿತು. ದರ್ಜಿ ಹೆಂಗಸು ಕಾದಳು. ನಾವೂ ಕಾದೆವು. ವೈನಿ ಮುಂದೆ ಹೋಗಿ ಮಗಳ ಎದುರು ನೆಲದ ಮೇಲೆ ಕುಳಿತರು.

"ಎಷ್ಟ ಬರತೈತೋ ಅಷ್ಟ ಬರಲಿ. ಬಟ್ಟಿ ಐತಿ ಈಗ."

ಹುಡುಗಿ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಉಸಿರು ಒಮ್ಮೆಗೇ ಬಿಡಲಿಲ್ಲ. ಸ್ವಲ್ಪ ಸ್ವಲ್ಪವಾಗಿ ಬಿಟ್ಟಳು. ಹೊಟ್ಟೆ ತನ್ನ ಜಾಗಕ್ಕೆ ಬಂದು ನಿಂತ ಮೇಲೆ ದರ್ಜಿ ಹೆಂಗಸು ಟೇಪು ಹಿಡಿದಳು. ಎಷ್ಟು ಬಂತೆಂದು ಯಾರೂ ಕೇಳಲಿಲ್ಲ.

ಮದುವೆಯ ದಿನದ ಬಗ್ಗೆ ನಾನು ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ಹುಡುಗಿ ಹಸಿ ಬಾಳೆದಿಂಡಿನ ಕಂಬದ ಹತ್ತಿರ ಕಳಸ ಹಿಡಿದು ನಿಂತಳು. ಪೋಲಕಾದ ಎರಡೂ ಬಗಲಲ್ಲಿ ಕೂಡಿಸಿದ ಪಟ್ಟಿ ಸ್ಪಷ್ಟವಾಗಿ ಕಾಣುತ್ತಿತ್ತು. ತುಂಬಿದ ಕಳಸ ಭಾರ. ಕೈ ಬದಲಿಸುತ್ತಿದ್ದಳು. ಅಕ್ಕಿಕಾಳು ಬೀಳುವ ಮುಂಚೆ ಗಂಡಿನ ಕಡೆಯ ಹಿರಿಯ ಹೆಂಗಸೊಬ್ಬರು ರುಖವತ ನೋಡಿ ಮುಗಿಸಿ ಈ ಕಡೆ ಬಂದರು.

"ಕಳಸಗಿತ್ತಿ ಛಲೋ ಉಂಡು ಬೆಳದಾಳ ಬಿಡ್ರಿ. ಅಕ್ಕನಕಿಂತ ಇಕಿನ ದುಂಡಗದಾಳ."

ನಾನು ಬಾಯಿ ತೆರೆಯುವ ಮೊದಲೇ ಅವ್ವ ನಡುವೆ ಬಂದಳು.

"ನಮ್ಮ ಮಂದ್ಯಾಗ ಮೈ ಮಾತ ಆಡಂಗಿಲ್ರಿ ಬೀಗ್ತಿ. ಮೊದಲಿಂದ ಪದ್ಧತಿ ಇಲ್ಲ. ಚಹಾ ಆತೇನ್ರಿ ನಿಮ್ಮದು?"

ಹೆಂಗಸು ತಬ್ಬಿಬ್ಬಾಗಿ, ಆತ್ರಿ ಎಂದು ಹೇಳಿ ಮುಂದೆ ಹೋದರು. ಹುಡುಗಿ ಕಳಸದ ಹಿಂದಿನಿಂದ ಅಜ್ಜಿಯನ್ನು ನೋಡಿದಳು.

"ಆಯೀ, ಮೊದಲಿಂದ ಅಂತ ಸುಳ್ಳ ಹೇಳಿದ್ಯಲ್ಲ. ನೀನ ಆಡತಿದ್ದಿ."

"ಆಡತಿದ್ನಿ. ಬಿಟ್ಟೇನಿ." ಅವ್ವ ಸೆರಗು ಸರಿ ಮಾಡಿಕೊಂಡಳು. "ತಂಬಾಕ ಬಿಡೂದು ಇದಕ್ಕಿಂತ ಹಗೂರ ಇತ್ತ ನೋಡವ್ವ."

ಎಲ್ಲ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಆ ವಾರಗಳಲ್ಲಿ ಹುಡುಗಿಯ ಊಟ ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ಇತ್ತು. ಕೆಲವೊಮ್ಮೆ ತಾಟಿನ ಮುಂದೆ ಕುಳಿತು ಸುತ್ತ ಯಾರು ನೋಡುತ್ತಿದ್ದಾರೆ ಎಂದು ನೋಡಿಕೊಳ್ಳುತ್ತಿದ್ದಳು. ಲಾಡಿಯ ಬರೆ ಮಾಸಿತು. ಡಾಕ್ಟರಮ್ಮನ ಹತ್ತಿರ ಮತ್ತೊಮ್ಮೆ ಹೋಗಿ ಬಂದೆವು. ಇನ್ನೂ ಹೋಗಬೇಕಾದರೆ ಹೋಗುತ್ತೇವೆ.

ಮದುವೆಯ ದಿನ ಅಕ್ಕಿಕಾಳು ಬಿದ್ದ ಮೇಲೆ ಪಂಕ್ತಿ ಕುಳಿತಿತು. ಕಳಸ ಇಳಿಸಿದ ಹುಡುಗಿ ಅಲಖನೂರದ ಹುಡುಗಿಯ ಪಕ್ಕ ಹೋಗಿ ಕುಳಿತಳು. ನಾನು ಎದುರಿನ ಸಾಲಿನಲ್ಲಿದ್ದೆ. ಅಲಖನೂರದವಳು ತಲೆ ತಗ್ಗಿಸಿ ಎಲೆಯ ಮೇಲಿನ ಹುಗ್ಗಿಯನ್ನು ಬೆರಳಿನಿಂದ ಆಚೆ ಈಚೆ ಸರಿಸುತ್ತಿದ್ದಳು. ಅವಳ ಆಚೆ ಕುಳಿತಿದ್ದ ವೈನಿಯ ಗೆಳತಿ ಅವಳ ತೋಳು ಹಿಡಿದು ಎತ್ತಿ ತೋರಿಸಿದಳು.

"ಉಣ್ಣ ಬೇ ಕಡ್ಡಿ. ಎಲುಬ ಅಷ್ಟ ಅದಾವ. ಗಾಳಿ ಬಿಟ್ರ ಮಂಟಪದ ಹೊರಗ ಹಾರಿ ಹೊಕ್ಕಿ."

ಅಲಖನೂರದ ಹುಡುಗಿ ಕೈ ಬಿಡಿಸಿಕೊಳ್ಳದೆ ಸುಮ್ಮನೆ ನಕ್ಕಳು. ಆ ನಗುವನ್ನು ನಾನು ಪಡಸಾಲೆಯಲ್ಲಿ ಒಮ್ಮೆ ಕಂಡಿದ್ದೆ. ನಮ್ಮ ಹುಡುಗಿಯೂ ಅದನ್ನು ಗುರುತಿಸಿದಳು. ಬಾಯಿ ತುಂಬ ಹುಗ್ಗಿ ಇತ್ತು. ನುಂಗಿದಳು.

"ಕಾಕು, ಆಕಿಗಿ ಕಡ್ಡಿ ಅನಬ್ಯಾಡ್ರಿ."

"ಅಯ್ಯ, ಚೇಷ್ಟಿ ಮಾಡಿದ್ನಿ ಬೇ."

"ಚೇಷ್ಟಿನೂ ಬ್ಯಾಡ್ರಿ. ಕೈ ಬಿಡ್ರಿ ಆಕಿದು, ಉಣ್ಣಲಿ."

ಹೆಂಗಸು ನನ್ನ ಕಡೆ ನೋಡಿದಳು. ನಾನು ನೋಡುತ್ತಲೇ ಇದ್ದೆ. ಅವಳು ಕೈ ಬಿಟ್ಟಳು. ಅಷ್ಟರಲ್ಲಿ ತುಪ್ಪದ ಪಾತ್ರೆ ಹಿಡಿದು ಬಡಿಸುವವರು ಬಂದರು. ಹುಡುಗಿ ಮೊದಲು ಪಕ್ಕದವಳ ಎಲೆ ತೋರಿಸಿದಳು, ಆಮೇಲೆ ತನ್ನದು.

"ಇಬ್ರಿಗೂ ಹಾಕ್ರಿ," ಎಂದಳು.